ಅಮ್ಮ ಗಾರ್ಮೆಂಟ್ಸ್ ಬದಲಿಸ್ತಿದ್ದಾರೆ: ಪಿಎಫ್ ಪೂರ್ತಿ ತೆಗೆಸೋದಾ, ವರ್ಗಾಯಿಸೋದಾ?

ಪ್ರಶ್ನೆ: ನಮಸ್ಕಾರ ಸರ್. ಅಮ್ಮ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿ 8 ವರ್ಷ 4 ತಿಂಗಳು ಕೆಲಸ ಮಾಡಿದ್ದಾರೆ. ವಯಸ್ಸು 44. ಈಗ ಊರ ಕಡೆ, ಮದ್ದೂರಿನ ಹತ್ತಿರದ ಫ್ಯಾಕ್ಟರಿಗೆ ಸೇರ್ತಿದ್ದಾರೆ. ಪಿಎಫ್ ಹಿಡಿಯೋ ಸಂಬಳ 13,000. ಒಂದಿಷ್ಟು ಕೈಸಾಲ ಇದೆ, ನನ್ನ ಡಿಗ್ರಿ ಕೊನೇ ವರ್ಷದ ಫೀಸೂ ಕಟ್ಟಬೇಕು. ಅಮ್ಮನ ಲೈನಿನವರೆಲ್ಲ "ಪೂರ್ತಿ ತೆಗೆಸ್ಬಿಡು, ಪೆನ್ಷನ್ ದುಡ್ಡೂ ಬರುತ್ತೆ" ಅಂತಾರೆ. ಸೈಬರ್ ಸೆಂಟರಿನವರು ಫಾರಂ 19 (ಪಿಎಫ್ ಪೂರ್ತಿ ತೆಗೆಯೋಕೆ), 10ಸಿ (ಪೆನ್ಷನ್ ದುಡ್ಡು ತೆಗೆಯೋಕೆ) ಎರಡೂ ಹಾಕಿಕೊಡ್ತೀವಿ ಅಂತಿದ್ದಾರೆ. ಏನು ಮಾಡಲಿ?

ಉತ್ತರ (ಪಿಎಫ್–ಇಎಸ್‌ಐ ಸಲಹೆಗಾರರು): 10ಸಿ ಮಾತ್ರ ಹಾಕಿಸಬೇಡಮ್ಮ. ಮೊದಲನೇದಾಗಿ, ಇನ್ನೊಂದು ಪಿಎಫ್ ಇರುವ ಫ್ಯಾಕ್ಟರಿಗೆ ಸೇರಿದವರು ಪೂರ್ತಿ ಹಣ ತೆಗೆಯುವ ಹಾಗೇ ಇಲ್ಲ. ಆ ಅರ್ಜಿ ಕೆಲಸವಿಲ್ಲದೆ ಕೂತವರಿಗೆ. ಸೈಬರ್‌ನವರು ಅದನ್ನು ಹೇಳೋದಿಲ್ಲ, ಕ್ಲೇಮ್ ಪಾಸಾದರೆ ಅವರ ಕಮಿಷನ್ ಬಂತು.

ಎರಡನೇದು ಲೆಕ್ಕ. 13,000ಕ್ಕೆ ಅಮ್ಮನಿಂದ 12% ಅಂದರೆ 1,560 ಹಿಡಿಯುತ್ತಾರೆ. ಕಂಪನಿಯೂ 1,560 ಹಾಕುತ್ತದೆ, ಆದರೆ ಅದರಲ್ಲಿ 8.33%, ಅಂದರೆ 1,083, ಪೆನ್ಷನ್ ನಿಧಿಗೆ ಹೋಗುತ್ತದೆ. ಉಳಿದ 477 ಮಾತ್ರ ಪಿಎಫ್‌ಗೆ. ಹೀಗೆ ತಿಂಗಳಿಗೆ 2,037 ಬಡ್ಡಿ ದುಡಿಯುವ ಖಾತೆಗೆ ಬೀಳುತ್ತದೆ. 2024–25ಕ್ಕೆ ಬಡ್ಡಿ 8.25%. ನಿಮ್ಮ ಕೈಸಾಲದ ಬಡ್ಡಿ ನೂರಕ್ಕೆ ತಿಂಗಳಿಗೆ 2 ರೂಪಾಯಿಯಾದರೂ ವರ್ಷಕ್ಕೆ 24 ಆಯಿತು, ಹಾಗಾಗಿ ಸಾಲ ಮೊದಲು ತೀರಲಿ ಅನ್ನೋದರಲ್ಲಿ ತಪ್ಪಿಲ್ಲ. ಅದಕ್ಕೆ ಪೆನ್ಷನ್ ಸರ್ವಿಸನ್ನು ಬಲಿ ಕೊಡಬೇಕಿಲ್ಲ ಅಷ್ಟೇ.

ಪೆನ್ಷನ್‌ಗೆ 10 ವರ್ಷ ಬೇಕು. ಆರು ತಿಂಗಳು ದಾಟಿದ್ದನ್ನು ಪೂರ್ತಿ ವರ್ಷ ಅಂತ ಹಿಡಿಯುವುದರಿಂದ ಒಂಬತ್ತೂವರೆ ಆದರೆ ಸಾಕು. ಅಮ್ಮನಿಗೆ ಉಳಿದಿರುವುದು 1 ವರ್ಷ 2 ತಿಂಗಳು! ಈಗ 10ಸಿ ಹಾಕಿ ಹಣ ತೆಗೆದರೆ ಹೊಸ ಫ್ಯಾಕ್ಟರಿಯಲ್ಲಿ ಸೊನ್ನೆಯಿಂದ ಎಣಿಕೆ. ಹಾಗೆ ಬಿಡದೆ 58ರವರೆಗೆ ದುಡಿದರೆ ಒಟ್ಟು 22 ವರ್ಷ. 20 ದಾಟಿದವರಿಗೆ 2 ವರ್ಷ ಸೇರಿಸುತ್ತಾರೆ, 24 ಆಯಿತು. ಸೂತ್ರ: ಕೊನೆಯ 60 ತಿಂಗಳ ಸರಾಸರಿ ಸಂಬಳ × ವರ್ಷ ÷ 70. ಇವತ್ತಿನ ಸಂಬಳದಲ್ಲೇ ಲೆಕ್ಕ ಹಾಕಿದರೂ ತಿಂಗಳಿಗೆ 4,457. ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಸರ್ವಿಸಿನಲ್ಲಿರುವಾಗಲೇ ಏನಾದರೂ ಆದರೆ ಗಂಡನಿಗೂ 25 ವರ್ಷದವರೆಗೆ ಇಬ್ಬರು ಮಕ್ಕಳಿಗೂ ಪೆನ್ಷನ್ ಬರುವುದು ಇದೇ ನಿಧಿಯಿಂದ.

ಫೀಸಿಗೆ ಫಾರಂ 31 ಹಾಕಿ, ಅಡ್ವಾನ್ಸ್ ಅಂತ. ಮಕ್ಕಳ ಓದಿಗೆ ಹಳೆಯ ನಿಯಮದಲ್ಲಿ 7 ವರ್ಷ ಆಗಿರಬೇಕು, ಸ್ವಂತ ಪಾಲಿನ ಅರ್ಧದವರೆಗೆ ಸಿಗುತ್ತದೆ. 2025ರ ಅಕ್ಟೋಬರ್ 13ರ ಸಭೆಯಲ್ಲಿ ಪಿಎಫ್ ಕೇಂದ್ರೀಯ ಟ್ರಸ್ಟಿ ಮಂಡಳಿ ಇದನ್ನು 12 ತಿಂಗಳಿಗೆ ಇಳಿಸಲು ತೀರ್ಮಾನಿಸಿದೆ. ಯಾವ ಲೆಕ್ಕದಲ್ಲೂ ಅಮ್ಮನಿಗೆ ಅರ್ಹತೆ ಇದೆ. ಅರ್ಜಿ ತುಂಬುವಾಗ ಎಷ್ಟು ಸಿಗುತ್ತದೆ ಅನ್ನೋದನ್ನ ನೋಡಿಕೊಂಡೇ ಮೊತ್ತ ಹಾಕಿ.

ಇದಕ್ಕೆಲ್ಲ ಮುಂಚೆ ಮಾಡಬೇಕಾದ್ದು: ಹೊಸ ಫ್ಯಾಕ್ಟರಿಯಲ್ಲಿ ಸೇರುವ ದಿನ ಫಾರಂ 11 ಕೊಡುತ್ತಾರೆ. "ಹಿಂದೆ ಪಿಎಫ್ ಸದಸ್ಯರಾಗಿದ್ದಿರಾ" ಅಂತ ಕೇಳಿದಲ್ಲಿ ಹೌದು ಎಂದು ಬರೆದು ಹಳೆಯ ಯುಎಎನ್ (ಪಿಎಫ್ ಸದಸ್ಯರ ಖಾಯಂ ನಂಬರ್) ಕೊಡಿ. ಎಚ್‌ಆರ್‌ನವರೇ ತುಂಬಿ ಸಹಿ ಮಾತ್ರ ಹಾಕಿಸಿಕೊಂಡರೆ "ಇಲ್ಲ" ಅಂತ ಟಿಕ್ ಮಾಡಿರುವುದು ಮಾಮೂಲು. ಆಮೇಲೆ ಎರಡು ಯುಎಎನ್ ಆಗಿ ಒದ್ದಾಟ.

ಪ್ರಶ್ನೆ: ಸರ್, ಹಳೇ ಕಂಪನಿ ಕೆಲಸ ಬಿಟ್ಟ ದಿನಾಂಕ ಹಾಕಿಲ್ಲ. ಫೋನ್ ಮಾಡಿದ್ರೆ ಎತ್ತಲ್ಲ. ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದೆ, ಪಿಎಫ್‌ನಲ್ಲಿ ಇಲ್ಲ.

ಉತ್ತರ: ದಿನಾಂಕಕ್ಕೆ ಅವರ ಬೆನ್ನು ಬೀಳಬೇಡಿ. ಕೊನೆಯ ಕಂತು ಕಟ್ಟಿದ ತಿಂಗಳಾಗಿ ಎರಡು ತಿಂಗಳ ಮೇಲೆ ಮೆಂಬರ್ ಪೋರ್ಟಲ್‌ನಲ್ಲಿ "ಮ್ಯಾನೇಜ್" ಒಳಗೆ "ಮಾರ್ಕ್ ಎಕ್ಸಿಟ್" ಒತ್ತಿ ನೀವೇ ಹಾಕಬಹುದು. ಆಧಾರ್‌ಗೆ ಕೊಟ್ಟ ಮೊಬೈಲ್‌ಗೆ ಒಟಿಪಿ ಬರುತ್ತದೆ, ಆ ಸಿಮ್ ಚಾಲ್ತಿಯಲ್ಲಿರಲಿ. ಎಚ್ಚರ: ಒಮ್ಮೆ ಹಾಕಿದ ದಿನಾಂಕವನ್ನು ಬದಲಿಸೋದು ಕಷ್ಟ. ಹೊಸ ಕೆಲಸಕ್ಕೆ ಸೇರಿದ ದಿನಾಂಕಕ್ಕಿಂತ ಒಂದು ದಿನ ಮುಂದೆ ಹೋದರೂ ಎರಡು ಸರ್ವಿಸ್ ಒಂದರ ಮೇಲೊಂದು ಬಿದ್ದು ತೊಡಕಾಗಬಹುದು.

ಇನಿಷಿಯಲ್ ತಿದ್ದಲು ಜಾಯಿಂಟ್ ಡಿಕ್ಲರೇಷನ್ (ಪಿಎಫ್ ದಾಖಲೆಯ ವಿವರ ತಿದ್ದುವ ಅರ್ಜಿ). 2017ರ ಅಕ್ಟೋಬರ್ 1ರ ನಂತರ ಕೊಟ್ಟ, ಆಧಾರ್ ಪರಿಶೀಲಿಸಿದ ಯುಎಎನ್ ಆದರೆ ದಾಖಲೆ ಇಲ್ಲದೆ ನೀವೇ ತಿದ್ದಬಹುದು. ಹಳೆಯದಾದರೆ ಕಂಪನಿ ಒಪ್ಪಬೇಕು.

ಬ್ಯಾಂಕ್ ಖಾತೆಯನ್ನೂ ನೋಡಿ. ನಮ್ಮ ಕಡೆಯವರ ಎಷ್ಟೋ ಖಾತೆ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳಲ್ಲಿದ್ದವು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿತು. ಪಿಎಫ್‌ನಲ್ಲಿ ಹಳೆಯ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಉಳಿದಿದ್ದರೆ ಪಾಸಾದ ಹಣ ವಾಪಸ್ ಹೋಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಅದೆಲ್ಲ ಸರಿ ಸರ್. ನಮ್ಮ ದುಡ್ಡು ನಾವು ತಗೊಳೋಕೆ ಸರ್ಕಾರ ಯಾಕೆ ತಡೀಬೇಕು? ಅದೇ ಅಕ್ಟೋಬರ್ ಸಭೇಲಿ ಕೆಲಸ ಬಿಟ್ಟ ಮೇಲೆ ಪೂರ್ತಿ ತೆಗೆಯೋಕೆ ಕಾಯೋದನ್ನ 2 ತಿಂಗಳಿಂದ 12 ತಿಂಗಳು, ಪೆನ್ಷನ್‌ಗೆ 36 ತಿಂಗಳು ಮಾಡಿದ್ರಲ್ಲ.

ಉತ್ತರ: 2016ರ ಫೆಬ್ರವರಿಯಲ್ಲಿ ಕಂಪನಿ ಪಾಲನ್ನು 58ರವರೆಗೆ ಮುಟ್ಟುವಂತಿಲ್ಲ ಎಂದು ಅಧಿಸೂಚನೆ ಬಂದಿತ್ತು. ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದ ಮೇಲೆ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ಈಗಿನ ತೀರ್ಮಾನ ಅಷ್ಟು ಬಿಗಿಯಲ್ಲ: ಕೆಲಸ ಹೋದರೆ 75% ತಕ್ಷಣ, ಉಳಿದ 25% ವರ್ಷದ ಮೇಲೆ.

ಪೆನ್ಷನ್‌ಗೆ 36 ತಿಂಗಳು ಕಾಯಿಸುವುದನ್ನು ನಾನು ಒಪ್ಪುತ್ತೇನೆ, ಒಂಬತ್ತನೇ ವರ್ಷದಲ್ಲಿ 10ಸಿ ಹಾಕಿ ಕಳಕೊಳ್ಳುವವರು ಕಡಿಮೆಯಾಗುತ್ತಾರೆ. 25%ರ ಮಾತು ಬೇರೆ. 13,000 ಸಂಬಳದವರಿಗೆ ನಾಲ್ಕು ವರ್ಷದಲ್ಲಿ ಬಡ್ಡಿ ಬಿಟ್ಟು 97,776 ಸೇರುತ್ತದೆ. ಅದರ ಕಾಲು ಭಾಗ, 24,444, ಅಂದರೆ ಕೈಗೆ ಬರುವ ಎರಡು ತಿಂಗಳ ಸಂಬಳ. ಫ್ಯಾಕ್ಟರಿ ಮುಚ್ಚಿದಾಗ ಬಾಡಿಗೆ ಕೊಡುವುದು ಅದರಿಂದಲೇ. ಐಟಿಯವರಿಗೂ ಟೈಲರ್‌ಗೂ ಒಂದೇ ನಿಯಮ ಮಾಡಿದ್ದು ಸರಿಯಲ್ಲ. ಜೊತೆಗೆ ಕನಿಷ್ಠ ಪೆನ್ಷನ್ 2014ರ ಸೆಪ್ಟೆಂಬರ್‌ನಲ್ಲಿ 1,000ಕ್ಕೆ ನಿಂತದ್ದು ಅಲ್ಲೇ ಇದೆ, ಅದನ್ನು ನೋಡಿದವರು ಪೆನ್ಷನ್ ನಂಬಿ ಕೂರುವುದಾದರೂ ಹೇಗೆ?

ಪ್ರಶ್ನೆ: ಸರ್, ನಾನೇ ಮತ್ತೆ. ಪಕ್ಕದ ಮನೆ ಅಕ್ಕ ವರ್ಗಾವಣೆ ಮಾಡಿಸಿದ್ರು. ಹೊಸ ಪಾಸ್‌ಬುಕ್‌ನಲ್ಲಿ ಪೆನ್ಷನ್ ಕಾಲಂ 0 ತೋರಿಸ್ತಿದೆ. ದುಡ್ಡು ಹೋಯ್ತಾ?

ಉತ್ತರ: ಹೋಗಿಲ್ಲ. ವರ್ಗಾವಣೆಯಲ್ಲಿ ಹಣ ಚಲಿಸುವುದು ಪಿಎಫ್‌ನದ್ದು ಮಾತ್ರ. ಪೆನ್ಷನ್ ಕಡೆ ಸಾಗುವುದು ಸರ್ವಿಸಿನ ಲೆಕ್ಕ, ಹಣ ನಿಧಿಯಲ್ಲೇ ಇರುತ್ತದೆ. ಅವರು ಅನೆಕ್ಷರ್ ಕೆ (ವರ್ಗಾವಣೆಯ ವಿವರ ಪತ್ರ) ಇಳಿಸಿಕೊಂಡು ಹಳೆಯ ಸರ್ವಿಸಿನ ತಿಂಗಳುಗಳು, ಎನ್‌ಸಿಪಿ ದಿನಗಳು ಸರಿ ಇವೆಯೇ ನೋಡಲಿ. ಎನ್‌ಸಿಪಿ ಅಂದರೆ ಸಂಬಳವಿಲ್ಲದ ರಜೆ ದಿನಗಳು, ಪೆನ್ಷನ್ ಸರ್ವಿಸಿನಿಂದ ಅವನ್ನು ಕಳೆಯುತ್ತಾರೆ. ಅಮ್ಮನದನ್ನೂ ನೋಡಿಸಮ್ಮ, ಎನ್‌ಸಿಪಿ ಹೆಚ್ಚಿದ್ದರೆ ನಾನು ಹೇಳಿದ 1 ವರ್ಷ 2 ತಿಂಗಳಿಗೆ ಅಷ್ಟು ದಿನ ಸೇರುತ್ತದೆ.