ಕಣ್ಣು ಪರೀಕ್ಷಿಸಿದ ವೈದ್ಯರು ಮೂತ್ರಪಿಂಡದ ಪರೀಕ್ಷೆ ಬರೆದುಕೊಟ್ಟಿದ್ದಾರೆ: ಎರಡಕ್ಕೂ ಏನು ಸಂಬಂಧ?

ಜಿಜ್ಞಾಸು (ಪ್ರಶ್ನೆ):

ನಮ್ಮ ತಂದೆಯವರಿಗೆ 68 ವರ್ಷ. ಬಹಳ ವರ್ಷಗಳಿಂದ ಎರಡನೇ ಬಗೆಯ ಮಧುಮೇಹವಿದೆ, ಅದಕ್ಕೂ ಮೊದಲಿನಿಂದ ಅಧಿಕ ರಕ್ತದೊತ್ತಡವಿದೆ. ದೃಷ್ಟಿಯಲ್ಲಿ ಯಾವ ತೊಂದರೆಯೂ ಇಲ್ಲ. ಆದರೂ ವಾರ್ಷಿಕ ತಪಾಸಣೆಗೆಂದು ಹೋದಾಗ ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ ರೆಟಿನಾ (ಕಣ್ಣಿನ ಒಳಗೋಡೆಯ ಪದರ) ನೋಡಿ, ಅಲ್ಲಲ್ಲಿ ಸಣ್ಣ ರಕ್ತಸ್ರಾವಗಳೂ ಹತ್ತಿಯಂಥ ಬಿಳಿ ಮಚ್ಚೆಗಳೂ ಕಾಣುತ್ತಿವೆ ಎಂದರು. ಕಣ್ಣಿಗೆ ಸದ್ಯ ಚಿಕಿತ್ಸೆ ಬೇಡವೆಂದು ಹೇಳಿ, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ) ಮತ್ತು ಮೂತ್ರದ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಪರೀಕ್ಷೆ ಬರೆದುಕೊಟ್ಟರು. ಕ್ರಿಯಾಟಿನಿನ್ 1.1 ಬಂದಿದೆ, ವರದಿಯಲ್ಲಿ ಅದು ಸಾಮಾನ್ಯ ಮಿತಿಯೊಳಗೇ ಇದೆ. ಹೀಗಾಗಿ ಮೂತ್ರದ ಪರೀಕ್ಷೆ ಅನಗತ್ಯವೆಂದು ತಂದೆಯವರು ಅದನ್ನು ಮುಂದೂಡುತ್ತಿದ್ದಾರೆ.

ಕಣ್ಣಿನ ರಕ್ತನಾಳಕ್ಕೂ ಮೂತ್ರಪಿಂಡಕ್ಕೂ ನಿಜವಾಗಿ ಏನು ಸಂಬಂಧ? ಕ್ರಿಯಾಟಿನಿನ್ ಸರಿಯಿದ್ದ ಮೇಲೆ ಮೂತ್ರದ ಪರೀಕ್ಷೆ ಏಕೆ ಬೇಕು? ಕಣ್ಣಿನ ಛಾಯಾಚಿತ್ರದಿಂದಲೇ ಕಂಪ್ಯೂಟರ್ ಮೂತ್ರಪಿಂಡದ ಕಾಯಿಲೆಯನ್ನು ಗುರುತಿಸುತ್ತದೆ ಎಂದೂ ಓದಿದ್ದೇನೆ. ಅದು ಇವೆಲ್ಲಕ್ಕೂ ಬದಲಿಯಾಗಬಲ್ಲದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ನೇತ್ರವೈದ್ಯೆ:

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕೊಯ್ಯದೆ, ಚುಚ್ಚದೆ ದೇಹದ ಸೂಕ್ಷ್ಮ ರಕ್ತನಾಳಗಳನ್ನು ಕಣ್ಣಾರೆ ನೋಡಬಹುದಾದ ಜಾಗವೆಂದರೆ ಕಣ್ಣಿನ ಒಳಗೋಡೆ. ಮೂತ್ರಪಿಂಡದೊಳಗಿನ ರಕ್ತನಾಳಗಳನ್ನು ಹಾಗೆ ನೋಡಲಾಗುವುದಿಲ್ಲ, ಅದಕ್ಕೆ ಬಯಾಪ್ಸಿ ಬೇಕು. ಪ್ರತಿ ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು ಗ್ಲೊಮೆರುಲಸ್‌ಗಳಿರುತ್ತವೆ. ಇವು ರಕ್ತವನ್ನು ಸೋಸುವ ಲೋಮನಾಳಗಳ (ಅತಿ ಸೂಕ್ಷ್ಮ ರಕ್ತನಾಳಗಳ) ಗೊಂಚಲುಗಳು. ರೆಟಿನಾದ ಲೋಮನಾಳಕ್ಕೆ ಹೊರಗಿನಿಂದ ಪೆರಿಸೈಟ್ ಎಂಬ ಕೋಶಗಳ ಆಸರೆಯಿದ್ದರೆ, ಗ್ಲೊಮೆರುಲಸ್‌ನಲ್ಲಿ ಪೋಡೊಸೈಟ್ ಎಂಬ ಕೋಶಗಳು ನಾಳವನ್ನು ಸುತ್ತುವರಿದಿರುತ್ತವೆ. ದೀರ್ಘಕಾಲದ ಮಧುಮೇಹದಲ್ಲಿ ಈ ಎರಡು ಬಗೆಯ ಕೋಶಗಳೂ ಕ್ರಮೇಣ ನಶಿಸುತ್ತವೆ, ನಾಳದ ಆಧಾರಪೊರೆ ಎರಡೂ ಕಡೆ ದಪ್ಪವಾಗುತ್ತದೆ, ಕೊನೆಗೆ ಎರಡೂ ಕಡೆ ನಾಳ ಸೋರತೊಡಗುತ್ತದೆ. ಕಣ್ಣಿನಲ್ಲಿ ಸೋರಿದ್ದು ರೆಟಿನಾದ ಬಾವಾಗಿ ಕಾಣಿಸಿಕೊಳ್ಳುತ್ತದೆ. ಮೂತ್ರಪಿಂಡದಲ್ಲಿ ಸೋರಿದ ಆಲ್ಬುಮಿನ್ ಮೂತ್ರಕ್ಕೆ ಸೇರುತ್ತದೆ. ನಿಮ್ಮ ವೈದ್ಯರು ಮೂತ್ರ ಪರೀಕ್ಷೆ ಕೇಳಿದ್ದು ಈ ಕಾರಣದಿಂದ.

ಈ ಹೋಲಿಕೆ ಅಂಗರಚನೆಯ ಆಳದವರೆಗೂ ಇದೆ. ಗ್ಲೊಮೆರುಲಸ್‌ನ ಆಧಾರಪೊರೆಯಲ್ಲಿರುವ ನಾಲ್ಕನೇ ಬಗೆಯ ಕೊಲಾಜೆನ್ ಎಂಬ ಪ್ರೋಟೀನಿನ ವಿಶಿಷ್ಟ ಸರಪಳಿಗಳು ಕಣ್ಣಿನ ಪೊರೆಗಳಲ್ಲೂ ಇವೆ. ಆದ್ದರಿಂದಲೇ ಆ ಕೊಲಾಜೆನ್‌ನ ಜೀನ್ ಕೆಟ್ಟು ಬರುವ ಆಲ್ಪೋರ್ಟ್ ಸಿಂಡ್ರೋಮ್‌ನಲ್ಲಿ ಮೂತ್ರದಲ್ಲಿ ರಕ್ತ, ಕಿವುಡು ಮತ್ತು ಕಣ್ಣಿನ ಮಸೂರದ ವಿಕಾರ ಒಬ್ಬರಲ್ಲೇ ಕಾಣಬಹುದು. ನಿಮ್ಮ ತಂದೆಯವರಿಗೆ ಇದು ಸಂಬಂಧಿಸಿದ್ದಲ್ಲ. ಎರಡು ಅಂಗಗಳ ನಂಟು ಎಷ್ಟು ಹತ್ತಿರದ್ದೆಂದು ತೋರಿಸಲು ಹೇಳಿದೆ.

ಹತ್ತಿಯಂಥ ಮಚ್ಚೆಗಳ ಬಗ್ಗೆಯೂ ಒಂದು ಮಾತು. ರೆಟಿನಾದ ತುದಿಯ ಸಣ್ಣ ಅಪಧಮನಿಯಲ್ಲಿ ರಕ್ತದ ಹರಿವು ನಿಂತು, ಅಲ್ಲಿಯ ನರತಂತುಗಳು ಊದಿಕೊಂಡಾಗ ಅವು ಮೂಡುತ್ತವೆ. ಮಧುಮೇಹದಲ್ಲೂ ಬರುತ್ತವೆ, ಹತೋಟಿ ತಪ್ಪಿದ ರಕ್ತದೊತ್ತಡದಲ್ಲೂ ಬರುತ್ತವೆ. ಆದ್ದರಿಂದ ತಂದೆಯವರ ರಕ್ತದೊತ್ತಡವನ್ನು ಮನೆಯಲ್ಲೂ ಅಳೆದು ಬರೆದಿಡುವುದು ಬಹಳ ಮುಖ್ಯ.

ನೆಫ್ರಾಲಜಿ ವಿಭಾಗದವನು:

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಎರಡನೇ ಪ್ರಶ್ನೆಯನ್ನು ನಾನು ಒತ್ತಿ ಉತ್ತರಿಸಬೇಕೆನಿಸುತ್ತದೆ, ಏಕೆಂದರೆ ‘ಕ್ರಿಯಾಟಿನಿನ್ ಸರಿಯಿದೆ’ ಎಂಬ ಸಮಾಧಾನದಲ್ಲಿ ಚಿಕಿತ್ಸೆಗೆ ಅತ್ಯಂತ ಒಳ್ಳೆಯ ವರ್ಷಗಳು ಕಳೆದುಹೋಗುತ್ತವೆ.

ಕ್ರಿಯಾಟಿನಿನ್ ಒಂದು ಸಂಖ್ಯೆಯಷ್ಟೆ. ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಅದರಿಂದ ಇಜಿಎಫ್‌ಆರ್ ಎಂಬ ಸೋಸುವಿಕೆಯ ಅಂದಾಜು ಲೆಕ್ಕ ಹಾಕಬೇಕು. ಇಂದು ಬಳಕೆಯಲ್ಲಿರುವ 2021ರ ಸಿಕೆಡಿ-ಎಪಿ ಸೂತ್ರದ ಪ್ರಕಾರ, 68 ವರ್ಷದ ಗಂಡಸಿಗೆ 1.1 ಕ್ರಿಯಾಟಿನಿನ್ ಎಂದರೆ ಇಜಿಎಫ್‌ಆರ್ ಸುಮಾರು 73. ಅದೇ ವಯಸ್ಸಿನ ಹೆಂಗಸಿಗೆ ಅದೇ 1.1 ಎಂದರೆ ಸುಮಾರು 55, ಅಂದರೆ ಕಾಯಿಲೆಯ ಗಡಿಯಾದ 60ಕ್ಕಿಂತ ಕೆಳಗೆ. ಒಂದೇ ಸಂಖ್ಯೆ ಇಬ್ಬರಿಗೆ ಎರಡು ಅರ್ಥ ಕೊಡುತ್ತದೆ. ಅಲ್ಲದೆ ಮಧುಮೇಹದ ಆರಂಭದ ಹಂತದಲ್ಲಿ ಸೋಸುವಿಕೆ ಸಾಮಾನ್ಯವಾಗಿಯೇ ಇದ್ದು, ಕೆಲವೊಮ್ಮೆ ಸಾಮಾನ್ಯಕ್ಕಿಂತ ಹೆಚ್ಚಾಗಿಯೂ ಇದ್ದು, ಮೂತ್ರದಲ್ಲಿ ಆಲ್ಬುಮಿನ್ ಮಾತ್ರ ಸೋರುತ್ತಿರಬಹುದು.

ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆಯೆಂದು ಹೇಳಲು ಇಜಿಎಫ್‌ಆರ್ 60ಕ್ಕಿಂತ ಕಡಿಮೆಯಿರಬೇಕು ಅಥವಾ ಆಲ್ಬುಮಿನ್ ಸೋರಿಕೆಯಂಥ ಹಾನಿಯ ಗುರುತಿರಬೇಕು, ಮತ್ತು ಅದು ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದಿರಬೇಕು. ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ಒಂದು ಗ್ರಾಂಗೆ 30 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಒಳ್ಳೆಯದು. 300ನ್ನು ದಾಟಿದರೆ ಸೋರಿಕೆ ತೀವ್ರವಾಗಿದೆ ಎಂದರ್ಥ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಉತ್ತಮ. ಜ್ವರ, ಮೂತ್ರನಾಳದ ಸೋಂಕು ಅಥವಾ ಕಠಿಣ ವ್ಯಾಯಾಮದ ನಂತರ ಕೊಟ್ಟ ಮಾದರಿ ಹುಸಿಯಾಗಿ ಹೆಚ್ಚು ತೋರಿಸಬಹುದು, ಆದ್ದರಿಂದ ಹೆಚ್ಚು ಬಂದ ಫಲಿತಾಂಶವನ್ನು ಮತ್ತೆ ಪರೀಕ್ಷಿಸಿಯೇ ಖಚಿತಪಡಿಸಿಕೊಳ್ಳುತ್ತೇವೆ. ತಂದೆಯವರು ಆ ಪರೀಕ್ಷೆಯನ್ನು ಇನ್ನು ಮುಂದೂಡಬಾರದು.

ಜಿಜ್ಞಾಸು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಳೆ ಬೆಳಿಗ್ಗೆಯೇ ಮಾದರಿ ಕೊಡಿಸುತ್ತೇನೆ. ಇನ್ನೊಂದು ಸಂದೇಹವಿದೆ. ನಮ್ಮ ಚಿಕ್ಕಮ್ಮನವರಿಗೂ ಮಧುಮೇಹವಿದೆ, ಅವರ ರೆಟಿನಾ ಸಂಪೂರ್ಣ ಚೆನ್ನಾಗಿದೆಯಂತೆ. ಹಾಗಾದರೆ ಅವರ ಮೂತ್ರಪಿಂಡವೂ ಚೆನ್ನಾಗಿದೆ ಎಂದುಕೊಳ್ಳಬಹುದೆ?

ನೆಫ್ರಾಲಜಿ ವಿಭಾಗದವನು:

ಹಾಗೆ ಅಂದುಕೊಳ್ಳಬಾರದು. ನಮ್ಮ ವಿಭಾಗದಲ್ಲಿ ಕಣ್ಣಿನ ವರದಿ ಅತ್ಯಂತ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಸಂದರ್ಭದಲ್ಲೇ. ಮೊದಲನೇ ಬಗೆಯ ಮಧುಮೇಹದಲ್ಲಿ ಮೂತ್ರಪಿಂಡಕ್ಕೆ ಹಾನಿಯಾದ ಬಹುತೇಕ ಎಲ್ಲರ ರೆಟಿನಾದಲ್ಲೂ ಹಾನಿ ಕಾಣುತ್ತದೆ. ಎರಡನೇ ಬಗೆಯಲ್ಲಿ ಆ ನಂಟು ಸಡಿಲ. ಕಣ್ಣು ಸ್ವಚ್ಛವಾಗಿದ್ದೂ ಮಧುಮೇಹದಿಂದಲೇ ಮೂತ್ರಪಿಂಡ ಕೆಟ್ಟಿರುವವರು ಸಾಕಷ್ಟಿದ್ದಾರೆ. ಆದರೆ ರೆಟಿನಾದಲ್ಲಿ ಏನೂ ಇಲ್ಲದೆ ಮೂತ್ರದಲ್ಲಿ ಪ್ರೋಟೀನ್ ಇದ್ದಕ್ಕಿದ್ದಂತೆ ಏರಿದರೆ, ಅಥವಾ ಮೂತ್ರದಲ್ಲಿ ರಕ್ತಕಣಗಳು ಕಂಡರೆ, ಹಾನಿಗೆ ಮಧುಮೇಹವಲ್ಲದ ಬೇರೆ ಕಾರಣವಿದೆಯೇ ಎಂದು ಹುಡುಕುತ್ತೇವೆ, ಕೆಲವರಿಗೆ ಬಯಾಪ್ಸಿಯನ್ನೂ ಮಾಡುತ್ತೇವೆ. ಬೇರೆ ಕಾರಣ ಸಿಕ್ಕರೆ ಚಿಕಿತ್ಸೆಯೇ ಬೇರೆಯಾಗುತ್ತದೆ. ಎರಡನೇ ಬಗೆಯ ಮಧುಮೇಹ ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಮತ್ತು ಇಜಿಎಫ್‌ಆರ್ ನೋಡಿಸಬೇಕು. ರೆಟಿನಾ ತಪಾಸಣೆಯೂ ಆಗಲೇ ಶುರುವಾಗಬೇಕು. ಒಂದರ ಫಲಿತಾಂಶ ಇನ್ನೊಂದಕ್ಕೆ ವಿನಾಯಿತಿ ಕೊಡುವುದಿಲ್ಲ.

ಹಳೆಯ ಓದುಗ:

ಕಂಪ್ಯೂಟರ್ ಕುರಿತ ಪ್ರಶ್ನೆ ಉಳಿದಿದೆ. ನಾನು ವೈದ್ಯನಲ್ಲ, ವೈದ್ಯಕೀಯ ಚಿತ್ರಗಳ ವಿಶ್ಲೇಷಣೆಯಲ್ಲಿ ಕೆಲಸ ಮಾಡುತ್ತೇನೆ. ಈ ನಂಟಿನ ಇತಿಹಾಸ ನಮ್ಮ ಯಂತ್ರಗಳಿಗಿಂತ ತುಂಬ ಹಳೆಯದು. ಲಂಡನ್ನಿನ ರಿಚರ್ಡ್ ಬ್ರೈಟ್ 1827ರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ವಿವರಿಸಿದ ಕಾಲದಲ್ಲಿ ಅಂಥ ರೋಗಿಗಳ ಕಣ್ಣಿನೊಳಗೆ ಏನಾಗುತ್ತಿದೆಯೆಂದು ನೋಡುವ ಸಾಧನವೇ ಇರಲಿಲ್ಲ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಆಫ್ತಾಲ್ಮೊಸ್ಕೋಪ್ ಪ್ರಕಟಿಸಿದ ಮೇಲೆ ವೈದ್ಯರು ರೆಟಿನಾದ ರಕ್ತಸ್ರಾವಗಳನ್ನೂ ಮಚ್ಚೆಗಳನ್ನೂ ನೇರವಾಗಿ ಕಂಡರು. 1939ರಲ್ಲಿ ಕೀತ್, ವ್ಯಾಗನರ್ ಮತ್ತು ಬಾರ್ಕರ್ ಅಧಿಕ ರಕ್ತದೊತ್ತಡದ ರೋಗಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ರೆಟಿನಾ ಹೆಚ್ಚು ಕೆಟ್ಟಷ್ಟೂ ಬದುಕುಳಿಯುವ ಅವಧಿ ಕಡಿಮೆಯಾಗುವುದನ್ನು ತೋರಿಸಿದರು.

ಸಿಂಗಪುರದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ರೆಟಿನಾ ಛಾಯಾಚಿತ್ರಗಳಿಂದ ಮೂತ್ರಪಿಂಡ ಕಾಯಿಲೆಯನ್ನು ಗುರುತಿಸಲು ಡೀಪ್ ಲರ್ನಿಂಗ್ (ಉದಾಹರಣೆಗಳಿಂದ ತಾನೇ ಕಲಿಯುವ ಕಂಪ್ಯೂಟರ್) ಮಾದರಿಯನ್ನು ತರಬೇತುಗೊಳಿಸಿದರು. ಫಲಿತಾಂಶ ಆಶಾದಾಯಕವಾಗಿಯೇ ಇತ್ತು. ಆದರೆ ಇಂಥ ಮಾದರಿಗಳ ಬಗ್ಗೆ ಒಂದು ಎಚ್ಚರ ಬೇಕು: ಛಾಯಾಚಿತ್ರದಿಂದ ವಯಸ್ಸು, ಲಿಂಗ, ರಕ್ತದೊತ್ತಡ ಇವನ್ನೂ ಯಂತ್ರ ಊಹಿಸಬಲ್ಲದೆಂದು 2018ರಲ್ಲೇ ಗೂಗಲ್‌ನ ತಂಡ ತೋರಿಸಿದೆ. ಮೂತ್ರಪಿಂಡದ ಕಾಯಿಲೆ ವಯಸ್ಸಿನೊಂದಿಗೆ ಹೆಚ್ಚುವುದರಿಂದ, ಯಂತ್ರ ಮೂತ್ರಪಿಂಡದ ಗುರುತನ್ನೇ ಓದಿತೋ ಅಥವಾ ಮುಪ್ಪಿನ ಗುರುತನ್ನು ಓದಿತೋ ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ರಕ್ತ ಮತ್ತು ಮೂತ್ರದ ಪರೀಕ್ಷೆ ಸಿಗುವ ಕಡೆ ಛಾಯಾಚಿತ್ರವನ್ನು ಅವುಗಳ ಬದಲಿಗೆ ನೆಚ್ಚಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಬೇರೆ ಕಾರಣಕ್ಕೆ ಹೇಗೂ ತೆಗೆದ ಚಿತ್ರ ‘ಇವರ ಮೂತ್ರ ಪರೀಕ್ಷಿಸಿ’ ಎಂದು ಸೂಚಿಸಿದರೆ ಅದು ನಿಜವಾದ ಲಾಭ.

ನನಗೆ ಹೆಚ್ಚು ಭರವಸೆ ಇರುವುದು ಬೆಳಕಿನಿಂದ ಕಣ್ಣಿನ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನಿನ ಮೇಲೆ. ರೆಟಿನಾದ ಹಿಂದಿರುವ ಕೋರಾಯ್ಡ್ ಎಂಬ ರಕ್ತನಾಳಗಳ ಪದರದ ದಪ್ಪವನ್ನು ಅದು ಅಳೆಯುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂತ್ರಪಿಂಡ ಕಾಯಿಲೆಯವರ ಕೋರಾಯ್ಡ್ ತೆಳುವಾಗಿತ್ತು. ಮೂತ್ರಪಿಂಡದ ಕಸಿಯಾದ ಮೇಲೆ ಅದು ಮತ್ತೆ ದಪ್ಪವಾಯಿತು. ಮೂತ್ರಪಿಂಡ ದಾನ ಮಾಡಿದ ಆರೋಗ್ಯವಂತರಲ್ಲಿ ತೆಳುವಾಯಿತು. ಮಧುಮೇಹದಂಥ ಸಮಾನ ಕಾರಣವಿಲ್ಲದ ದಾನಿಗಳಲ್ಲೂ ಈ ಬದಲಾವಣೆ ಕಂಡಿದೆ ಎಂಬುದನ್ನು ಗಮನಿಸಬೇಕು. ಮೂತ್ರಪಿಂಡದ ಸ್ಥಿತಿಗೆ ಕಣ್ಣು ಸ್ಪಂದಿಸುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆಯನ್ನು ನಾನು ಕಂಡಿಲ್ಲ.

ನೇತ್ರವೈದ್ಯೆ:

ಕೋರಾಯ್ಡ್ ಬಗ್ಗೆ ಒಂದು ಸೇರ್ಪಡೆ: ರೆಟಿನಾದೊಳಗಿನ ನಾಳಗಳಿಗೆ ಸಿಂಪಥೆಟಿಕ್ ನರಗಳ (ನಮ್ಮ ಇಚ್ಛೆಯಿಲ್ಲದೆಯೇ ರಕ್ತನಾಳಗಳನ್ನು ಕುಗ್ಗಿಸುವ ನರಗಳ) ನೇರ ಹತೋಟಿಯಿಲ್ಲ, ಕೋರಾಯ್ಡ್‌ಗೆ ಅದು ಹೇರಳವಾಗಿದೆ. ಮೂತ್ರಪಿಂಡ ಕೆಟ್ಟಾಗ ಈ ನರಗಳ ಚಟುವಟಿಕೆ ಏರುವುದರಿಂದ, ಕೋರಾಯ್ಡ್ ಸ್ಪಂದಿಸುವುದು ಸಹಜವೆನಿಸುತ್ತದೆ. ಡಯಾಲಿಸಿಸ್ ಮಾಡಿ ದೇಹದ ನೀರು ತೆಗೆದ ನಂತರವೂ ಅದು ತೆಳುವಾಗುವುದರಿಂದ, ಒಂದೇ ಸ್ಕ್ಯಾನಿನ ಅಳತೆಯಿಂದ ತೀರ್ಮಾನಕ್ಕೆ ಬರುವಂತಿಲ್ಲ.

ತಂದೆಯವರ ವಿಷಯದಲ್ಲಿ ಇನ್ನೆರಡು ಸಂಗತಿಗಳು. ಮೂತ್ರದ ವರದಿ ನೋಡಿ ವೈದ್ಯರು ಔಷಧಿ ಬದಲಿಸಿ ಸಕ್ಕರೆಯ ಮಟ್ಟವನ್ನು ಬೇಗನೆ ಇಳಿಸುವುದಾದರೆ, ಕಣ್ಣಿನವರಿಗೂ ತಿಳಿಸಿ. ಬಹಳ ಕಾಲ ಏರಿದ್ದ ಸಕ್ಕರೆ ಥಟ್ಟನೆ ಇಳಿದಾಗ ಮೊದಲ ಕೆಲವು ತಿಂಗಳು ರೆಟಿನಾದ ಹಾನಿ ತಾತ್ಕಾಲಿಕವಾಗಿ ಹೆಚ್ಚಬಹುದು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸಬೇಕಿಲ್ಲ, ತಪಾಸಣೆಯನ್ನು ಹತ್ತಿರಕ್ಕೆ ತರಬೇಕು. ಮುಂದೆ ಎಂದಾದರೂ ಫ್ಲೋರೆಸೀನ್ ಆಂಜಿಯೋಗ್ರಫಿ (ಬಣ್ಣದ್ರವ ಚುಚ್ಚಿ ರೆಟಿನಾದ ನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಬೇಕಾದರೆ ಗಾಬರಿಯಾಗಬೇಡಿ. ಅದರ ಬಣ್ಣದ್ರವ ಸಿಟಿ ಸ್ಕ್ಯಾನಿಗೆ ಕೊಡುವ ಅಯೋಡಿನ್ ದ್ರವವಲ್ಲ. ಮುಖ್ಯವಾಗಿ ಮೂತ್ರದ ಮೂಲಕ ಹೊರಹೋಗುವುದರಿಂದ ಒಂದೆರಡು ದಿನ ಮೂತ್ರ ಗಾಢ ಹಳದಿ ಬಣ್ಣದಲ್ಲಿರುತ್ತದೆ, ಮೂತ್ರಪಿಂಡ ಕುಂದಿದ್ದರೆ ಇನ್ನೂ ಕೆಲಕಾಲ ಹಾಗೆಯೇ ಇರಬಹುದು. ಆದರೂ ಆ ದಿನ ಮೂತ್ರಪಿಂಡದ ಇತ್ತೀಚಿನ ವರದಿಯನ್ನು ಜೊತೆಗೆ ಒಯ್ದು ತೋರಿಸಿ.