ಸಹಾಯ ಬೇಕು: ಅಪ್ಪ-ಅಮ್ಮನ ಜೊತೆ ಸಪ್ಪೊರೊದಲ್ಲಿ ಸ್ಕೀ ಜಂಪಿಂಗ್

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ಜಪಾನಿನ ಸಪ್ಪೊರೊಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ನಾನು ಟೋಕಿಯೋದಲ್ಲಿದ್ದೇನೆ. ದಾವಣಗೆರೆಯಿಂದ ಅಪ್ಪ-ಅಮ್ಮ ಬರ್ತಿದ್ದಾರೆ, ಅಪ್ಪನಿಗೆ ಸಪ್ಪೊರೊದ ಓಕುರಯಾಮ ಜಂಪ್ ಮೈದಾನದಲ್ಲಿ ಸ್ಕೀ ಜಂಪಿಂಗ್ (ಸ್ಕೀ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರಿ ಬಂದು ದೂರ ಹಾರುವ ಆಟ) ವರ್ಲ್ಡ್ ಕಪ್ ನೋಡಲೇಬೇಕಂತೆ. 1972ರಲ್ಲಿ ಏಷ್ಯಾದ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅಲ್ವಾ. ಆಗ ಪಕ್ಕದ ಮಿಯಾನೊಮೊರಿಯ 70 ಮೀಟರ್ ಜಂಪ್‌ನಲ್ಲಿ ಜಪಾನಿನ ಆಟಗಾರ ಕಸಾಯ ಚಿನ್ನ ಗೆದ್ದು, ಬೆಳ್ಳಿ, ಕಂಚು ಕೂಡ ಜಪಾನಿಗೇ ಹೋದ ಕಥೆ ಓದಿದಾಗಿನಿಂದ ಫೋನ್ ಮಾಡಿದಾಗೆಲ್ಲ ಅದೇ ಮಾತು!

ಮಾರುಯಾಮ ಕೋಯೆನ್ ಮೆಟ್ರೋ ಸ್ಟೇಷನ್ನಿಂದ ಬಸ್ ಇದೆ, ಅದು ಗೊತ್ತು. ಇಳಿದ ಮೇಲೆ ಎಷ್ಟು ಹತ್ತಬೇಕು? ಅಮ್ಮನಿಗೆ ಮಂಡಿನೋವು, ಐಸ್ ಕಟ್ಟಿದ ಫುಟ್‌ಪಾತ್ ಅಂದ್ರೆ ನನಗೇ ಭಯ. ಶೂ ಕೆಳಗೆ ಸಿಕ್ಕಿಸುವ ಮುಳ್ಳಿನ ರಬ್ಬರ್ ಪಟ್ಟಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತೆ, ಆದರೆ ಅಮ್ಮನ ಪುಟ್ಟ ಪಾದಕ್ಕೆ ಸರಿಹೋಗುವಂಥದ್ದು ಇರುತ್ತಾ? ಗಾಳಿ ಜಾಸ್ತಿಯಾದರೆ ಜಂಪ್ ನಿಲ್ಲಿಸಿ ಕಾಯಿಸುತ್ತಾರೆ, ಅಷ್ಟು ಹೊತ್ತು ಹಿಮದಲ್ಲಿ ನಿಂತೇ ಇರಬೇಕಾ, ಬೆಚ್ಚಗೆ ಕೂರೋಕೆ ಏನಾದರೂ ಜಾಗ ಇದೆಯಾ?

ಇನ್ನು ಊಟ. ಅಲ್ಲಿನ ಸೂಪ್ ಕರಿ (ಸಾರಿನ ಹಾಗೆ ತೆಳುವಾದ ಮಸಾಲೆ ಕರಿ) ಫೇಮಸ್, ಆದರೆ ತರಕಾರಿಯದ್ದು ಅಂದರೂ ಎಷ್ಟೋ ಕಡೆ ಸಾರು ಕೋಳಿಯದ್ದೇ. ಪೂರ್ತಿ ಸಸ್ಯಾಹಾರ ಸಿಗುವ ಹೋಟೆಲ್ ಗೊತ್ತಿದ್ದರೆ ಹೇಳಿ. ಸುಮ್ನೆ ಲಿಂಕ್ ಹಾಕಬೇಡಿ ಪ್ಲೀಸ್, ತಿಂದು ನೋಡಿದವರ ಮಾತು ಬೇಕು. ಟಿಕೆಟ್ ಇನ್ನೂ ತೆಗೆದಿಲ್ಲ, ಈ ವಾರದಲ್ಲೇ ತಿಳಿಸಿದರೆ ಉಪಕಾರ.