60 ಸಾವಿರದೊಳಗೆ ಕೀಬೋರ್ಡು ಮತ್ತು ಆಂಪು: ಯಾವುದಕ್ಕೆ ಎಷ್ಟು ಹಣ ಹಾಕಬೇಕು?

ಪ್ರಶ್ನೆ: ಶಿರಸಿಯ ಕೀಬೋರ್ಡು ವಾದಕ

ಎಲ್ಲರಿಗೂ ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮದುವೆಯ ಆರತಕ್ಷತೆ, ಗಣೇಶೋತ್ಸವದ ರಸಮಂಜರಿ ಮತ್ತು ಭಜನೆಗಳಿಗೆ ನಾನು ಕೀಬೋರ್ಡು ನುಡಿಸುತ್ತೇನೆ. ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರಕ್ಕೂ ಆಗಾಗ ಹೋಗುವುದುಂಟು. ಸದ್ಯ ಕೈಯಲ್ಲಿರುವುದು ಕಲಿಯುವವರಿಗೆಂದು ಮಾಡಿದ, ಒಳಗೇ ಸ್ಪೀಕರು ಇರುವ ಹಳೆಯ ವಾದ್ಯ. ಮನೆಯಲ್ಲಿ ನುಡಿಸಿದಾಗ ಅದರ ಪಿಯಾನೋ ತುಂಬಿಕೊಂಡು ಕೇಳಿಸುತ್ತದೆ. ಆದರೆ ಅದರಲ್ಲಿರುವ ಒಂದೇ ಒಂದು ಹೆಡ್‌ಫೋನ್ ಸಾಕೆಟ್ಟಿನಿಂದ ಮೈಕ್‌ಸೆಟ್ಟಿನವರ ಮಿಕ್ಸರಿಗೆ ಕೇಬಲ್ಲು ಎಳೆದ ಕೂಡಲೇ ನಾದವೆಲ್ಲ ಸೋರಿಹೋಗಿ, ಬಾವಿಯೊಳಗಿಂದ ಬಂದಂತೆ ಪ್ರತಿಧ್ವನಿಯಷ್ಟೇ ಉಳಿಯುತ್ತದೆ. ಜೊತೆಗೆ ಗುಂಯ್ ಎನ್ನುವ ಸದ್ದು ಬೇರೆ.

ಹೊಸ ಕೀಬೋರ್ಡಿಗೂ ಆಂಪ್ಲಿಫೈಯರಿಗೂ ಸೇರಿ 60,000 ರೂಪಾಯಿ ಹೊಂದಿಸಿಕೊಂಡಿದ್ದೇನೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಹೆಚ್ಚು ಟೋನ್ (ಬೇರೆ ಬೇರೆ ವಾದ್ಯಗಳ ಧ್ವನಿ) ಇರುವುದನ್ನೇ ಕೊಳ್ಳಿ ಎಂದರು. ರಿದಂ ಇರುವ ಅರೇಂಜರ್ ಕೀಬೋರ್ಡು ಒಳ್ಳೆಯದೋ, ಸ್ಪೀಕರಿಲ್ಲದ ಸಿಂಥಸೈಸರೋ? ಗೆಳೆಯರೊಬ್ಬರು ತಮ್ಮ ಗಿಟಾರ್ ಆಂಪನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎಂದಿದ್ದಾರೆ, ಅದು ನಡೆದೀತೇ? ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಅಂಕೋಲೆಯ ಮೈಕ್‌ಸೆಟ್ಟಿನವರು

ನಮಸ್ಕಾರ. ಹೊಸದನ್ನು ಕೊಳ್ಳುವ ಮೊದಲು ತಮ್ಮ ಕೇಬಲ್ಲಿನ ಪಿನ್ನನ್ನು ಒಮ್ಮೆ ನೋಡಿರಿ. ಅದರ ಮೇಲೆ ಎರಡು ಕಪ್ಪು ಪಟ್ಟಿಗಳಿದ್ದರೆ ಅದು ಸ್ಟೀರಿಯೋ ಪಿನ್ನು. ಹೆಡ್‌ಫೋನ್ ಸಾಕೆಟ್ಟಿನಲ್ಲಿ ಪಿನ್ನಿನ ತುದಿಗೆ ಎಡಗಡೆಯ ಧ್ವನಿಯೂ ನಡುವಿನ ಉಂಗುರಕ್ಕೆ ಬಲಗಡೆಯ ಧ್ವನಿಯೂ ಬರುತ್ತವೆ. ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಇದು ಗೊತ್ತಿಲ್ಲ; ಅದು ತುದಿಯ ಸಂಕೇತದಿಂದ ಉಂಗುರದ ಸಂಕೇತವನ್ನು ಕಳೆದು, ಉಳಿದದ್ದನ್ನು ಮಾತ್ರ ಮುಂದಕ್ಕೆ ಕಳುಹಿಸುತ್ತದೆ. ಎರಡೂ ಕಡೆ ಸಮನಾಗಿರುವ ಪಿಯಾನೋದ ತಿರುಳು ಹೀಗೆ ಪೂರ್ತಿ ಕಳೆದುಹೋಗಿ, ಎಡ ಬಲಗಳಲ್ಲಿ ಬೇರೆ ಬೇರೆಯಾಗಿರುವ ರಿವರ್ಬು, ಅಂದರೆ ಪ್ರತಿಧ್ವನಿ, ಮಾತ್ರ ಉಳಿಯುತ್ತದೆ. ತಾವು ಹೇಳಿದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಒಂದು ತುದಿಯಲ್ಲಿ ಸ್ಟೀರಿಯೋ ಪಿನ್ನು, ಇನ್ನೊಂದು ತುದಿಯಲ್ಲಿ ಎರಡು ಮೋನೋ ಪಿನ್ನುಗಳಿರುವ ವೈ ಕೇಬಲ್ಲು ತಂದು, ಮಿಕ್ಸರಿನ ಎರಡು ಚಾನೆಲ್ಲುಗಳಿಗೆ ಕೊಟ್ಟು ನೋಡಿರಿ.

ಹೊಸ ವಾದ್ಯ ಕೊಳ್ಳುವುದೇ ಆದರೆ ಟೋನುಗಳನ್ನು ಎಣಿಸುವುದಕ್ಕಿಂತ ಮೊದಲು ಅದರ ಹಿಂಬದಿಯನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹೆಡ್‌ಫೋನಿಗಲ್ಲದೆ ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ, ಮಿಕ್ಸರಿಗೆ ಧ್ವನಿ ಕೊಡುವ ಲೈನ್ ಔಟ್ ಸಾಕೆಟ್ಟುಗಳಿರಬೇಕು. ಸ್ಪೀಕರು ಒಳಗೇ ಇರುವ ವಾದ್ಯಗಳಲ್ಲಿ ಯಮಹಾ ಪಿಎಸ್ಆರ್-ಇ473 ಮತ್ತು ಕ್ಯಾಸಿಯೊ ಸಿಟಿ-ಎಕ್ಸ್9000ಐಎನ್‌ಗಳಲ್ಲಿ ಇವು ಇವೆ. ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಿಕ್ಸರಿನಲ್ಲಿ ಒಂದೇ ಚಾನೆಲ್ಲು ಸಿಕ್ಕಿದ ದಿನ ಎಡ ಮತ್ತು ಮೋನೋ ಎಂದು ಗುರುತಿಸಿದ ಸಾಕೆಟ್ಟೊಂದಕ್ಕೇ ಪಿನ್ನು ಹಾಕಿದರೆ, ವಾದ್ಯವೇ ಎರಡನ್ನೂ ಕೂಡಿಸಿ ಕೊಡುತ್ತದೆ.

ಗುಂಯ್ ಸದ್ದಿಗೆ ಕಾರಣ ಹಲವಾದರೂ, ನಮ್ಮ ಪೆಂಡಾಲುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು: ಉದ್ದವಾದ ಮೋನೋ ಕೇಬಲ್ಲು ಮತ್ತು ಎರಡು ಬೇರೆ ಕಡೆಯಿಂದ ತೆಗೆದ ಕರೆಂಟು. ಆರು ಮೀಟರಿಗಿಂತ ಉದ್ದ ಎಳೆಯಬೇಕಾದಲ್ಲಿ ವಾದ್ಯದ ಪಕ್ಕದಲ್ಲೇ ಒಂದು ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ಮೈಕಿನ ಕೇಬಲ್ಲಿಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ) ಇಟ್ಟು, ಅಲ್ಲಿಂದ ಮೈಕಿನ ಕೇಬಲ್ಲಿನಲ್ಲಿ ಮಿಕ್ಸರಿಗೆ ಒಯ್ಯಬೇಕು. ಕೀಬೋರ್ಡಿಗೆ ಕರೆಂಟು ಬೇಡದ ಪ್ಯಾಸಿವ್ ಡಿಐ ಸಾಕು. ಅದರ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ಚು ಒತ್ತಿದರೆ ಬಹಳ ಸಲ ಗುಂಯ್ ನಿಲ್ಲುತ್ತದೆ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತು ಸದ್ದು ನಿಲ್ಲಿಸುತ್ತಾರೆ. ಮಳೆಗಾಲದ ಒದ್ದೆ ನೆಲದ ಮೇಲೆ ಇದು ಜೀವಕ್ಕೇ ಅಪಾಯ, ದಯವಿಟ್ಟು ಯಾರೂ ಮಾಡಬೇಡಿ.

ಗಿಟಾರ್ ಆಂಪು ಬೇಡ. ಅದರ ಸ್ಪೀಕರು ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಧ್ವನಿಯನ್ನು ತೀರ ಇಳಿಸಿಬಿಡುತ್ತದೆ, ಹಾಗಾಗಿ ಗಂಟೆ, ತಂತಿ ವಾದ್ಯಗಳ ಹೊಳಪು ಬರುವುದೇ ಇಲ್ಲ. ಎಡಗೈಯ ಬೇಸ್ ಸ್ವರಗಳನ್ನು ಜೋರಾಗಿ ಕೊಟ್ಟರೆ ಕೋನು ಹರಿಯಲೂಬಹುದು. ಕೀಬೋರ್ಡಿಗೆಂದೇ ಮಾಡಿದ ರೋಲ್ಯಾಂಡ್ ಕೆಸಿ ಸರಣಿಯಂಥ ಆಂಪುಗಳಲ್ಲಿ ಕೆಸಿ-80 50 ವ್ಯಾಟಿನದು, ಕೆಸಿ-200 100 ವ್ಯಾಟಿನದು. ವ್ಯಾಟು ನೋಡಿ ಮರುಳಾಗಬೇಕಾಗಿಯೂ ಇಲ್ಲ, ಏಕೆಂದರೆ ವ್ಯಾಟು ಎರಡು ಪಟ್ಟಾದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಸಭೆಗೆ ಕೇಳಿಸುವ ಕೆಲಸ ನಮ್ಮ ಸ್ಪೀಕರುಗಳದ್ದು. ತಮಗೆ ತಮ್ಮ ವಾದ್ಯ ತಮ್ಮ ಕಿವಿಗೆ ಕೇಳಿಸಿದರೆ ಸಾಕು. ಅದಕ್ಕೆ ಹತ್ತು ಅಥವಾ ಹನ್ನೆರಡು ಇಂಚಿನ, ಒಳಗೇ ಆಂಪು ಇರುವ ಒಂದು ಪವರ್ಡ್ ಸ್ಪೀಕರು ಕೊಂಡರೂ ನಡೆಯುತ್ತದೆ. ಸಣ್ಣ ಭಜನೆಗಳಲ್ಲಿ ಅದನ್ನೇ ಸಭೆಯ ಕಡೆಗೆ ತಿರುಗಿಸಿ, ಅದರ ಎರಡನೆಯ ಇನ್‌ಪುಟ್ಟಿಗೆ ಹಾಡುವವರ ಮೈಕು ಕೊಡಬಹುದು.

ಉತ್ತರ 2: ಕಾರವಾರದ ಆರ್ಕೆಸ್ಟ್ರಾ ವಾದಕಿ

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಸಾಕೆಟ್ಟು ಮಾತ್ರ ನೋಡಿ ವಾದ್ಯ ಕೊಳ್ಳಲಾಗದು. ತಮ್ಮ ಜೊತೆ ನುಡಿಸುವವರು ಯಾರೆಂಬುದು ಮುಖ್ಯ. ಒಬ್ಬ ಗಾಯಕರು ಮತ್ತು ತಾವು ಇಬ್ಬರೇ ಆದರೆ ಅರೇಂಜರ್ ಬೇಕೇ ಬೇಕು, ಏಕೆಂದರೆ ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಚ್ಛ) ಹಿಡಿದರೆ ಅದು ತಾಳವನ್ನೂ ಬೇಸನ್ನೂ ತಾನೇ ಹೊಂದಿಸುತ್ತದೆ. ತಬಲಾದವರೋ ರಿದಂ ಪ್ಯಾಡಿನವರೋ ಇರುವ ತಂಡದಲ್ಲಿ ಆ ರಿದಂಗಳಿಗೆ ಕೊಟ್ಟ ಹಣ ವ್ಯರ್ಥ. ಅಲ್ಲಿ ಬೇಕಾದದ್ದು ಹಾಡಿನ ನಡುವೆ ಕೊಳಲಿನಿಂದ ವಯೊಲಿನ್ನಿಗೆ ಒಂದೇ ಗುಂಡಿಯಲ್ಲಿ ಹಾರುವ ಅನುಕೂಲ. ಅದು ಯಮಹಾ ಎಂಎಕ್ಸ್61, ರೋಲ್ಯಾಂಡ್ ಎಕ್ಸ್‌ಪಿಎಸ್-10, ಜೂನೊ-ಡಿಎಸ್61 ಮುಂತಾದ ಸಿಂಥಸೈಸರುಗಳಲ್ಲಿ ಸಲೀಸು. ಇವುಗಳಿಗೆ ಸ್ವಂತ ಸ್ಪೀಕರಿಲ್ಲ, ಆದ್ದರಿಂದ ತೂಕವೂ ಕಡಿಮೆ. ಬಸ್ಸಿನಲ್ಲಿ ಹೊತ್ತು ತಿರುಗುವವರಿಗೆ ಇದು ಸಣ್ಣ ಮಾತಲ್ಲ. ಜೂನೊ-ಡಿಎಸ್61 ಎಂಟು ಎಎ ಬ್ಯಾಟರಿಗಳಲ್ಲೂ ನಡೆಯುತ್ತದೆ, ಹಾಗಾಗಿ ಜನರೇಟರು ನಿಂತರೂ ವಾದ್ಯ ಆರುವುದಿಲ್ಲ.

ಅಂಗಡಿಯಲ್ಲಿ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಎಲ್ಲಿದೆ ಎಂದು ಹುಡುಕಿ ನೋಡಿರಿ. ಭಜನೆಯಲ್ಲಿ ಹಾಡುವವರು ವೇದಿಕೆಯ ಮೇಲೆ ಕುಳಿತ ಮೇಲೆ ಶ್ರುತಿ ಕಪ್ಪು ಎರಡು (ಎರಡನೆಯ ಕಪ್ಪು ಕೀಲಿ) ಎನ್ನುತ್ತಾರೆ. ಬಿಳಿ ಒಂದರಿಂದ ನುಡಿಸುವ ಅಭ್ಯಾಸವಿರುವವರು ಆಗ ಮೂರು ಮೆಟ್ಟಿಲು ಏರಿಸಿಕೊಳ್ಳಬೇಕು. ಅದಕ್ಕಾಗಿ ಮೆನುವಿನೊಳಗೆ ತಡಕಾಡುವಂತಿದ್ದರೆ ಆ ವಾದ್ಯ ನಮ್ಮ ಕೆಲಸಕ್ಕಲ್ಲ. ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರವೂ ಇರಲೇಬೇಕು, ಅದಿಲ್ಲದೆ ಕೊಳಲು, ಶಹನಾಯಿಗಳ ಮೀಂಡು ಬರುವುದಿಲ್ಲ.

ಅಡಾಪ್ಟರಿನ ಬಗ್ಗೆಯೂ ಒಂದು ಮಾತು. ಪಿನ್ನು ಕೂಡಿತೆಂದು ಯಾವುದನ್ನೋ ಚುಚ್ಚಬಾರದು. ಯಮಹಾ ಎಂಎಕ್ಸ್61ರಲ್ಲಿ ಪಿನ್ನಿನ ನಡುಭಾಗ ಪಾಸಿಟಿವ್ ಇದ್ದು 12 ವೋಲ್ಟಿನದಾದರೆ, ಜೂನೊ-ಡಿಎಸ್‌ನಲ್ಲಿ ನಡುಭಾಗ ನೆಗೆಟಿವ್, ವೋಲ್ಟೇಜು 9.

ಮರುಪ್ರಶ್ನೆ: ಶಿರಸಿಯ ಕೀಬೋರ್ಡು ವಾದಕ

ಇಬ್ಬರಿಗೂ ಅನಂತ ಧನ್ಯವಾದಗಳು. ವೈ ಕೇಬಲ್ಲು ಹಾಕಿದ ಮೇಲೆ ಪಿಯಾನೋ ಪೂರ್ತಿ ಮರಳಿ ಬಂದಿದೆ, ಆದ್ದರಿಂದ ಅವಸರವಿಲ್ಲದೆ ಕೊಳ್ಳಬಹುದು. ನಮ್ಮಲ್ಲಿ ತಬಲಾದವರು ಇರುವುದರಿಂದ ಸಿಂಥಸೈಸರಿನ ಕಡೆಗೇ ಮನಸ್ಸು ವಾಲಿದೆ. ಬಳಸಿದ ವಾದ್ಯವೊಂದು ನೋಡಲು ಸಿಕ್ಕಿದೆ. ಬೇರೆಲ್ಲ ಚೆನ್ನಾಗಿದ್ದರೂ ನಾಲ್ಕೈದು ಕೀಲಿಗಳು ಮೆಲ್ಲಗೆ ಒತ್ತಿದರೂ ಜೋರಾಗಿ ಕೂಗುತ್ತವೆ. ಇದು ದೊಡ್ಡ ದೋಷವೇ?

ಉತ್ತರ 3: ಕುಮಟೆಯ ರಿಪೇರಿಯವರು

ಗಾಬರಿಯಾಗುವಂಥದ್ದಲ್ಲ. ಪ್ರತಿ ಕೀಲಿಯ ಕೆಳಗೆ ರಬ್ಬರಿನ ಗುಬುಟಿನಲ್ಲಿ ಎರಡು ಇಂಗಾಲದ ಬೊಟ್ಟುಗಳಿರುತ್ತವೆ. ಒಂದು ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ಈ ಎರಡರ ನಡುವಿನ ಕಾಲವನ್ನು ಅಳೆದು ವಾದ್ಯವು ಒತ್ತಿದ ರಭಸವನ್ನು ತಿಳಿಯುತ್ತದೆ. ಮೊದಲನೆಯದರ ಮೇಲೆ ಧೂಳೋ ತೇವವೋ ಕುಳಿತು ಅದು ತಡವಾಗಿ ತಾಗಿದರೆ ನಡುವಿನ ಕಾಲ ಕುಗ್ಗಿ, ಮೆಲ್ಲಗೆ ಒತ್ತಿದ್ದೂ ಜೋರಾಗಿ ಕೇಳುತ್ತದೆ. ಎರಡೂ ಕೆಟ್ಟರೆ ಕೀಲಿ ಮೂಕವಾಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಬಳಸಿದ ವಾದ್ಯಗಳಲ್ಲಿ ಇದು ಮಾಮೂಲು. ಬಿಚ್ಚಿ, ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಮೃದುವಾಗಿ ಒರೆಸಿದರೆ ಬಹುತೇಕ ಸರಿಹೋಗುತ್ತದೆ. ಬೊಟ್ಟು ಸವೆದಿದ್ದರೆ ಆ ರಬ್ಬರಿನ ಪಟ್ಟಿ ಬದಲಿಸಬೇಕು.

ಆದರೆ ಕೊಳ್ಳುವ ಮುನ್ನ ಎಲ್ಲ 61 ಕೀಲಿಗಳನ್ನೂ ಮೆಲ್ಲಗೊಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿರಿ. ಪಿನ್ನನ್ನು ಲೈನ್ ಔಟಿಗೆ ಹಾಕಿ ಅತ್ತಿತ್ತ ಅಲುಗಿಸಿದಾಗ ಧ್ವನಿ ಕಡಿಯುತ್ತದೆಯೇ, ಪಿಚ್ ಬೆಂಡ್ ಚಕ್ರ ಬಿಟ್ಟ ಮೇಲೆ ಶ್ರುತಿ ಸರಿಯಾಗಿ ಮೂಲಸ್ಥಾನಕ್ಕೆ ಮರಳುತ್ತದೆಯೇ ಎಂಬುದನ್ನೂ ಪರೀಕ್ಷಿಸಿರಿ. ಕೀಲಿಗಳ ದೋಷವನ್ನು ಮುಂದಿಟ್ಟು ಬೆಲೆ ಇಳಿಸಿ ಕೇಳಬಹುದು. ಪರದೆಯಲ್ಲಿ ಗೆರೆಗಳು ಮಾಯವಾಗಿದ್ದರೆ ಮಾತ್ರ ಬಿಟ್ಟುಬಿಡಿ. ಹಳೆಯ ಮಾದರಿಗಳ ಪರದೆ ಇಲ್ಲಿ ಸಿಗುವುದು ಬಹಳ ಕಷ್ಟ.